ಜೀವಂತರ ಹೆಸರು: ಮುಂಬಯಿಯ ಕೆಲವು ನಿದರ್ಶನಗಳು

ಸಾರ್ವಜನಿಕ ಕಟ್ಟಡಗಳಿಗೆ ಬದುಕಿರುವವರ ಹೆಸರನ್ನಿಡುವುದು ಉಚಿತವೇ ಎಂಬ ಪ್ರಶ್ನೆ 2021ರಲ್ಲಿ ಮತ್ತೆ ಎದ್ದಿತು. ಆ ವರ್ಷ ಅಹಮದಾಬಾದಿನ ಕ್ರೀಡಾಂಗಣಕ್ಕೆ ಅಧಿಕಾರದಲ್ಲಿದ್ದ ಪ್ರಧಾನಿಯವರ ಹೆಸರನ್ನಿಟ್ಟರು. ಆದರೆ ಈ ಪದ್ಧತಿ ಬಲು ಹಳೆಯದು. ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ ಚಾಲುಕ್ಯ ವಿಜಯಾದಿತ್ಯನ ದೇಗುಲಕ್ಕೆ ವಿಜಯೇಶ್ವರವೆಂದೂ, ರಾಣಿ ಲೋಕಮಹಾದೇವಿಯ ದೇಗುಲಕ್ಕೆ ಲೋಕೇಶ್ವರವೆಂದೂ ಹೆಸರಿದ್ದಿತು. ಇಂದು ಅವು ಸಂಗಮೇಶ್ವರ, ವಿರೂಪಾಕ್ಷ. ಮೊದಲಿನ ಹೆಸರುಗಳು ಶಾಸನಗಳಲ್ಲಿ ಉಳಿದುವು. ಜನರ ನಾಲಗೆಯ ಮೇಲೆ ಉಳಿಯಲಿಲ್ಲ.

ನಾವು ನೆಲಸಿರುವ ಮುಂಬಯಿಯಲ್ಲಿ ಇದಕ್ಕೆ ನಿದರ್ಶನಗಳು ಹೇರಳವಾಗಿವೆ. ಬೋರಿಬಂದರಿನ ರೈಲುನಿಲ್ದಾಣಕ್ಕೆ 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣಮಹೋತ್ಸವದ ಸಂದರ್ಭದಲ್ಲಿ, ಆಕೆಯ ಹೆಸರನ್ನಿಟ್ಟರು. ರಾಣಿ ಭಾರತದ ನೆಲವನ್ನು ಮೆಟ್ಟಿದವಳೇ ಅಲ್ಲ. ಆಕೆ ತೀರಿಕೊಂಡುದು 1901ರಲ್ಲಿ. 1996ರಲ್ಲಿ ಆ ಹೆಸರು ಹೋಗಿ ಛತ್ರಪತಿ ಶಿವಾಜಿಯ ಹೆಸರು ಬಂದಿತು. ಸಿಂಹಾಸನಕ್ಕೆ ಸಲ್ಲಿಸಿದ ಹೆಸರು ಸಿಂಹಾಸನ ಹೋದ ಮೇಲೆ ನಿಲ್ಲದಿದ್ದುದು ಸಹಜವೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಲಕ್ಷ ರೂಪಾಯಿ ದಾನಮಾಡಿದ ಜಮಶೇಟಜಿ ಜೀಜೀಭಾಯಿಯವರ ಹೆಸರಿನ ಆಸ್ಪತ್ರೆ 1845ರಲ್ಲಿ ತೆರೆಯಿತು. ದಾನಿಗಳು 1859ರವರೆಗೆ ಬದುಕಿದ್ದರು. ಚರ್ಚ್‌ಗೇಟಿನ ಬಳಿಯ ಕ್ರೀಡಾಂಗಣ 1974ರಲ್ಲಿ ಸಿದ್ಧವಾದಾಗ, ಅದಕ್ಕಾಗಿ ದುಡಿದ ಎಸ್. ಕೆ. ವಾನಖೇಡೆಯವರೂ ನಮ್ಮ ನಡುವೆ ಇದ್ದರು. ಆ ಎರಡು ಹೆಸರುಗಳೂ ಇಂದಿಗೂ ಬಳಕೆಯಲ್ಲಿವೆ. ಆದಕಾರಣ ಜೀವಂತರ ಹೆಸರೆಲ್ಲ ಅಳಿದೇ ಹೋಗುವುದೆಂದು ವಾದಿಸಲಾಗದು. ಹಣವನ್ನೋ ದುಡಿಮೆಯನ್ನೋ ಕೊಟ್ಟವರ ಹೆಸರು ಸಂದುದಕ್ಕೆ ಕೊಟ್ಟ ರಸೀದಿ. ಅಧಿಕಾರಕ್ಕೆ ಕೊಟ್ಟ ಹೆಸರಾದರೋ ಆಧಾರವಿಲ್ಲದ ಮುಂಗಡ.

ಆದರೂ ರಸೀದಿಗೂ ಒಂದು ಅಪಾಯವುಂಟು. ಹತ್ತಿಯ ವ್ಯಾಪಾರದ ಉಬ್ಬರದಲ್ಲಿ ಈ ನಗರದ ಪೇಟೆಯನ್ನೇ ಆಳುತ್ತಿದ್ದ ಪ್ರೇಮಚಂದ್ ರಾಯಚಂದರು 1864ರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರಡು ಲಕ್ಷ, ಗೋಪುರಕ್ಕೆ ಎರಡು ಲಕ್ಷ ರೂಪಾಯಿಗಳನ್ನು ಕೊಟ್ಟರು. ಗೋಪುರಕ್ಕೆ ತಮ್ಮ ಹೆಸರನ್ನು ಬೇಡದೆ ತಾಯಿ ರಾಜಾಬಾಯಿಯ ಹೆಸರನ್ನು ಕೋರಿದರು. ಮರುವರ್ಷವೇ ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು, ಪ್ರೇಮಚಂದರು ದಿವಾಳಿಯಾದರು, ಅವರ ಮಾತು ನಡೆಯುತ್ತಿದ್ದ ಬಾಂಬೆ ಬ್ಯಾಂಕು 1868ರಲ್ಲಿ ಮುಚ್ಚಿತು. ಹಣ ಕಳೆದುಕೊಂಡವರ ಕಣ್ಣೆದುರಿಗೆ ಅವರದೇ ಹೆಸರಿನ ಗೋಪುರ ಏರುತ್ತಿದ್ದರೆ ಅದನ್ನು ಯಾವ ಭಾವದಿಂದ ನೋಡುತ್ತಿದ್ದರು? 1878ರಲ್ಲಿ ಅದು ಪೂರ್ಣಗೊಂಡಿತು, ತಾಯಿಯ ಹೆಸರಿನಲ್ಲಿಯೇ.

ಲೆಕ್ಕ ಬರೆದು ಬದುಕುವ ನನಗೆ ಇದರಿಂದ ತೋರುವುದಿಷ್ಟು: ಬದುಕಿರುವವನ ಖಾತೆ ಇನ್ನೂ ಮುಗಿದಿಲ್ಲ, ಮುಗಿಯದ ಖಾತೆಯ ಶಿಲ್ಕನ್ನು ಕಲ್ಲಿನಲ್ಲಿ ಕೆತ್ತಲಾಗದು. ಆತನ ನಡೆಯನ್ನು ನಿರ್ಭಯವಾಗಿ ವಿಮರ್ಶಿಸುವ ಹಕ್ಕು ಸಾರ್ವಜನಿಕರಿಗಿದೆ. ಗೋಡೆಯ ಮೇಲಿನ ಹೆಸರು ಆ ಹಕ್ಕನ್ನು ಸಂಕೋಚಕ್ಕೆ ಈಡುಮಾಡುತ್ತದೆ. ಪರವೂರಿನಲ್ಲಿ ಕಟ್ಟಿಕೊಂಡ ನಮ್ಮ ಸಂಘಗಳಲ್ಲಿಯೂ ಸಭಾಗೃಹಕ್ಕೆ, ದತ್ತಿಗೆ ಹೆಸರನ್ನಿಡುವ ಪ್ರಸಂಗ ಬರುತ್ತದೆ. ದಾನಿಗಳ ಉಪಕಾರವನ್ನು ದಾಖಲೆಯಲ್ಲಿ ತಪ್ಪದೆ ಬರೆಯೋಣ. ಹೆಸರಿನ ಮಾತು ಬಂದಾಗ ಮಾತ್ರ ರಾಜಾಬಾಯಿ ಗೋಪುರವನ್ನು ಒಮ್ಮೆ ನೆನೆಯೋಣ.