ಚಿಂತಾಮಣಿಯ ಮೇಲೆ 17 ಕಿಲೋಮೀಟರ್

ಓಝೋನ್ ಎಂದೊಡನೆ ಅಂಟಾರ್ಕ್ಟಿಕಾದ ರಂಧ್ರ ನೆನಪಾಗುತ್ತದೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಅಂಥ ರಂಧ್ರ ಬಿದ್ದಿಲ್ಲ. ಆದರೂ ಇಲ್ಲಿನ ಓಝೋನ್ ಪದರ ಹುಟ್ಟಾ ತೆಳು. ಅದಕ್ಕೆ ಗಾಳಿಯೇ ಕಾರಣ ಎಂದು ತಿಳಿಯಲು ಸುಮಾರು ಮೂರು ದಶಕ ಬೇಕಾಯಿತು.

1920ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿ ಡಾಬ್ಸನ್ ತಮ್ಮ ಓಝೋನ್ ಮಾಪಕಗಳನ್ನು ಹಲವು ದೇಶಗಳಿಗೆ ಕಳುಹಿಸಿದರು. ಒಂದು ಕೊಡೈಕೆನಾಲ್‌ಗೂ ಬಂತು. ಬಿಸಿಲು ಹೆಚ್ಚಿದ್ದಲ್ಲಿ ಓಝೋನ್ ಹೆಚ್ಚು ಹುಟ್ಟಬೇಕೆಂಬುದು ವಿಜ್ಞಾನಿ ಚಾಪ್‌ಮನ್ 1930ರಲ್ಲಿ ಕೊಟ್ಟ ಸಿದ್ಧಾಂತದಿಂದ ಹೊರಡುವ ಲೆಕ್ಕ. ಅಳತೆ ಹೇಳಿದ್ದು ಬೇರೆ: ಉಷ್ಣವಲಯದಲ್ಲೇ ಅದು ಕಡಿಮೆ. ಇತ್ತ 1929ರಲ್ಲಿ ಹವಾಮಾನ ವಿಜ್ಞಾನಿ ಕೆ.ಆರ್. ರಾಮನಾಥನ್, ಸಮಭಾಜಕದ ಮೇಲೆ ಸುಮಾರು 17 ಕಿ.ಮೀ. ಎತ್ತರದಲ್ಲಿ ಅತ್ಯಂತ ತಣ್ಣನೆಯ ಗಾಳಿಯ ಪಟ್ಟಿಯಿದೆ ಎಂದು ತೋರಿಸಿದ್ದರು. ಆ ಪಟ್ಟಿ ಓಝೋನ್ ಪದರವಿರುವ ಸಮೋಷ್ಣ ಮಂಡಲದ ಹೆಬ್ಬಾಗಿಲು ಎಂಬುದು ಆಮೇಲೆ ಹೊಳೆಯಿತು. 1949ರಲ್ಲಿ ಬ್ರೂವರ್ ಎಂಬ ವಿಜ್ಞಾನಿ ಮೇಲಿನ ಗಾಳಿಯ ಶುಷ್ಕತೆಯಿಂದ (ಅದು ಆ ತಣ್ಣನೆಯ ಪಟ್ಟಿಯಲ್ಲೇ ನೀರಾವಿ ಕಳೆದುಕೊಂಡಿರಬೇಕು), 1956ರಲ್ಲಿ ಡಾಬ್ಸನ್ ಓಝೋನ್ ಹಂಚಿಕೆಯಿಂದ ಒಂದೇ ತೀರ್ಮಾನಕ್ಕೆ ಬಂದರು. ಗಾಳಿ ಉಷ್ಣವಲಯದಲ್ಲಿ ಮೇಲೇರುತ್ತದೆ, ಇಲ್ಲಿ ಹುಟ್ಟಿದ ಓಝೋನನ್ನು ಹೊತ್ತು ಧ್ರುವಗಳತ್ತ ಸಾಗಿ ಅಲ್ಲಿ ಇಳಿಯುತ್ತದೆ.

ಎತ್ತರದ ಓಝೋನನ್ನು ಅಲ್ಲೇ ಅಳೆಯುವ, ಭಾರತದ್ದೇ ಆದ ಬಲೂನು ಉಪಕರಣವನ್ನು 1960ರ ದಶಕದಲ್ಲಿ ರೂಪಿಸಿದವರು ಹವಾಮಾನ ವಿಜ್ಞಾನಿ ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಬಳಿ ದುಡಿದಿದ್ದ ಅವರು, ನಿವೃತ್ತಿಯ ನಂತರ ನಮ್ಮ ನಂದಿಬೆಟ್ಟದಲ್ಲಿ ಮಿಲಿಮೀಟರ್ ತರಂಗ ದೂರದರ್ಶಕದ ಕೆಲಸದಲ್ಲೂ ತೊಡಗಿದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು.

ಚಿಂತಾಮಣಿಯಿಂದ ನೇರ ಪೂರ್ವಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿ, ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿ ಆಂಧ್ರದ ಗಾದಂಕಿ ಇದೆ. ಅಲ್ಲಿನ ಎಂಎಸ್‌ಟಿ ರಾಡಾರ್ 1990ರ ದಶಕದಿಂದ ಮೇಲಿನ ಗಾಳಿಯನ್ನು ಅಳೆಯುತ್ತಿದೆ. 1950ರ ದಶಕದಲ್ಲಿ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಗುರುತಿಸಿದ, ಮುಂಗಾರಿನಲ್ಲಿ ನಮ್ಮ ನೆತ್ತಿಯ ಮೇಲೆ ಪೂರ್ವದಿಂದ ರಭಸವಾಗಿ ಬೀಸುವ ಜೆಟ್ ಗಾಳಿಯೂ ಅದರ ಕಣ್ಣಿಗೆ ಬೀಳುತ್ತದೆ. ಅಲ್ಲಿ ಸಿಕ್ಕ ಅಳತೆ ಈ ನಾಲ್ಕು ಊರುಗಳ ಆಕಾಶಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ.

ರಂಧ್ರದ ಕಥೆ ಬಹುಮಂದಿಗೆ ಗೊತ್ತು: ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಝೋನನ್ನು ನಾಶಮಾಡುತ್ತವೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡರ ಎಚ್ಚರಿಕೆ, 1985ರಲ್ಲಿ ರಂಧ್ರದ ವರದಿ, 1987ರಲ್ಲಿ ಆ ಅನಿಲಗಳನ್ನು ತಡೆಯುವ ಮಾಂಟ್ರಿಯಲ್ ಒಪ್ಪಂದ. ಆದರೆ ನಮಗೆ ಮುಖ್ಯವಾದ ಎಳೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್, ಅದೇ ಸಿಎಫ್‌ಸಿ ಅನಿಲಗಳು ಭೂಮಿಯನ್ನು ಬಿಸಿಯೂ ಮಾಡುತ್ತವೆ ಎಂದು 1975ರಲ್ಲೇ ತೋರಿಸಿದರು. ಭೂಮಿ ಬಿಸಿಯಾದಷ್ಟೂ ಉಷ್ಣವಲಯದ ಏರುಗಾಳಿ ಚುರುಕಾಗುತ್ತದೆ, ಇಲ್ಲಿನ ಓಝೋನ್ ಇನ್ನಷ್ಟು ಬೇಗ ಹೊರಟುಹೋಗುತ್ತದೆ ಎನ್ನುತ್ತವೆ ಹವಾಮಾನ ಮಾದರಿಗಳು. ಅಂಟಾರ್ಕ್ಟಿಕಾದ ಓಝೋನ್ 2066ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳಬಹುದೆಂದು 2022ರ ಜಾಗತಿಕ ಅಂದಾಜು ಹೇಳಿದೆ. ನಮ್ಮ ಮೇಲಿನ ಕೆಳ ಸಮೋಷ್ಣ ಮಂಡಲಕ್ಕೆ ಅಂಥ ನೆಮ್ಮದಿಯ ಭರವಸೆ ಇಲ್ಲ.

ತೊಡಕೆಂದರೆ, ಆ ಏರುಗಾಳಿಯ ವೇಗ ಸೆಕೆಂಡಿಗೆ ಒಂದು ಮಿಲಿಮೀಟರ್‌ಗೂ ಕಡಿಮೆ. ಅದನ್ನು ನೇರವಾಗಿ ಅಳೆಯಲಾಗದು. ನೀರಾವಿ ಮತ್ತು ಓಝೋನ್ ವರ್ಷಗಟ್ಟಲೆ ಬದಲಾಗುವ ಬಗೆಯಿಂದ ಊಹಿಸಬೇಕು. ಉಪಗ್ರಹ ಮತ್ತು ಬಲೂನ್ ಅಳತೆಗಳನ್ನು ಜೋಡಿಸಿ ಗಾದಂಕಿಯ ವಿಜ್ಞಾನಿಗಳು 2018ರಲ್ಲಿ ಅಂಥ ಬದಲಾವಣೆಗಳ ಲೆಕ್ಕ ಪ್ರಕಟಿಸಿದರು. ಈ ಕೆಲಸಕ್ಕೆ ಆಧಾರವಾಗಿರುವ ಔರಾ ಉಪಗ್ರಹ ಹಾರಿದ್ದು 2004ರಲ್ಲಿ, ಅದಕ್ಕೀಗ ವಯಸ್ಸಾಗಿದೆ. ಅದು ನಿಂತರೆ ದಾಖಲೆ ಮುರಿಯದಂತೆ ಕಾಯಲು ನೆಲದಿಂದ ಹಾರಿಸುವ ಬಲೂನುಗಳೂ ಬೇಕು.