ಎರಡು ಬಣ್ಣದ ಟೋಪಿಯ ದೇವರು

ಅಕ್ಕಪಕ್ಕದ ಹೊಲದ ಇಬ್ಬರು ರೈತರು ಪ್ರಾಣಸ್ನೇಹಿತರು. ಒಂದು ದಿನ ಅವರ ಹೊಲಗಳ ನಡುವಿನ ಬದುವಿನ ಮೇಲೆ ಅಪರಿಚಿತನೊಬ್ಬ ನಡೆದುಹೋದ. ‘ಆ ಕೆಂಪು ಟೋಪಿಯವನನ್ನು ನೋಡಿದೆಯಾ?’ ಎಂದ ಒಬ್ಬ. ‘ಕೆಂಪಲ್ಲ, ಬಿಳಿ’ ಎಂದ ಇನ್ನೊಬ್ಬ. ಮಾತಿಗೆ ಮಾತು ಬೆಳೆದು ಹೊಡೆದಾಟವೇ ಆಯಿತು. ನಿಜವೆಂದರೆ ಆ ಟೋಪಿ ಒಂದು ಪಕ್ಕದಲ್ಲಿ ಕೆಂಪು, ಇನ್ನೊಂದು ಪಕ್ಕದಲ್ಲಿ ಬಿಳಿ. ಧರಿಸಿದ್ದವನು ಎಶು ಎಂಬ ದೇವರು.

ಪಶ್ಚಿಮ ಆಫ್ರಿಕಾದ ಯೊರುಬಾ ಜನರು ಈ ಕಥೆಯನ್ನು ಹಲವು ರೂಪಗಳಲ್ಲಿ ಹೇಳುತ್ತಾರೆ. ನೈಜೀರಿಯದ ನೈರುತ್ಯ ಭಾಗ ಮತ್ತು ನೆರೆಯ ಬೆನಿನ್ ಅವರ ನೆಲೆ. ಎಶು ಅವರಿಗೆ ಕವಲುದಾರಿಯ, ಸಂತೆಯ, ಹೊಸ್ತಿಲಿನ ದೇವರು. ಲಾಭ ನಷ್ಟವಾಗುವುದು, ನಷ್ಟ ಲಾಭವಾಗುವುದು ಇಂತಹ ಜಾಗಗಳಲ್ಲೇ ಅಲ್ಲವೇ? ಅವನ ಅರ್ಚಕರು ಹೆಗಲಿಗೆ ನೇತುಹಾಕಿಕೊಳ್ಳುವ ಕೆತ್ತನೆಯ ಕೋಲಿಗೆ ಕವಡೆಯ ಸರಗಳನ್ನು ಕಟ್ಟಿರುತ್ತಾರೆ. ಕವಡೆ ಅಲ್ಲಿ ಒಂದು ಕಾಲದ ನಾಣ್ಯ. ಅದರಲ್ಲಿ ಬಹುಪಾಲು ಹಿಂದೂ ಮಹಾಸಾಗರದ ಮಾಲ್ಡೀವ್ಸ್‌ನಿಂದ ಹಡಗೇರಿ ಹೋದದ್ದು.

ಎಶುವಿನ ನಿಜವಾದ ಸ್ಥಾನ ತಿಳಿಯುವುದು ‘ಇಫಾ’ ಎಂಬ ಶಕುನಶಾಸ್ತ್ರದಲ್ಲಿ. ಇದನ್ನು ನಡೆಸುವ ಪುರೋಹಿತ ‘ಬಬಲಾವೊ’, ಅಂದರೆ ರಹಸ್ಯಗಳ ತಂದೆ. ಆತ 16 ತಾಳೆಬೀಜಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬಾಚಿಕೊಳ್ಳುತ್ತಾನೆ. ಉಳಿದದ್ದು ಒಂದು ಬೀಜವಾದರೆ ಎರಡು ಗೆರೆ, ಎರಡಾದರೆ ಒಂದು ಗೆರೆ. ಹೀಗೆ ಮರದ ಪುಡಿ ಹರಡಿದ ಹಲಗೆಯ ಮೇಲೆ ಎಂಟು ಗುರುತುಗಳು ಮೂಡುತ್ತವೆ. ಅವುಗಳಿಂದಾಗುವ ವಿನ್ಯಾಸಗಳು ಒಟ್ಟು 256. ಪ್ರತಿಯೊಂದಕ್ಕೂ ಸೇರಿದ ಪದ್ಯಗಳನ್ನು ಪುರೋಹಿತರು ವರ್ಷಗಟ್ಟಲೆ ಗುರುವಿನ ಬಳಿ ಕಲಿತು ಕಂಠಸ್ಥ ಮಾಡಿರುತ್ತಾರೆ. ಈ ಪರಂಪರೆಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲೊಂದೆಂದು ಸಾರಿತು.

ಇಫಾದ ಅಧಿದೇವತೆ ಜ್ಞಾನದ ಒರುನ್ಮಿಲಾ. ಆದರೆ ಹಲಗೆಯ ಅಂಚಿನಲ್ಲಿ ಪುರೋಹಿತನಿಗೆ ಎದುರಾಗಿ ಕೆತ್ತಿರುವ ಮುಖ ಎಶುವಿನದು. ನೈವೇದ್ಯವನ್ನು ದೇವತೆಗಳಿಗೆ ಒಯ್ಯುವವನು ಅವನೇ. ಆದ್ದರಿಂದ ಮೊದಲ ಪಾಲು ಅವನಿಗೆ. ಕೊಟ್ಟವನಿಗೆ ದಾರಿ ತೆರೆಯುತ್ತಾನೆ, ಮರೆತವನನ್ನು ಎಡವಿಸುತ್ತಾನೆ. ವಿಧಿ ಎಷ್ಟೇ ಬಲವಾಗಿದ್ದರೂ ಆಕಸ್ಮಿಕಕ್ಕೂ ಒಂದು ಪಾಲು ಎತ್ತಿಡಬೇಕು ಎಂಬುದು ಈ ಆಚರಣೆಯ ಅರ್ಥ.

ಇಂತಹ ದೇವರು ಸೈತಾನನಾದದ್ದು ಒಂದು ಅನುವಾದದಿಂದ. ಸ್ಯಾಮ್ಯುಯೆಲ್ ಅಜಾಯಿ ಕ್ರೌತರ್ ಸ್ವತಃ ಯೊರುಬಾ. 1821ರಲ್ಲಿ ಗುಲಾಮರ ಬೇಟೆಗಾರರಿಗೆ ಸಿಕ್ಕು, ಮರುವರ್ಷ ಬ್ರಿಟಿಷ್ ನೌಕಾಪಡೆಯಿಂದ ಬಿಡುಗಡೆಗೊಂಡು, ಕ್ರೈಸ್ತನಾಗಿ, 1864ರಲ್ಲಿ ಬಿಷಪ್ ಪದವಿಗೇರಿದ ವಿದ್ವಾಂಸ. ಯೊರುಬಾ ಪದಕೋಶ ರಚಿಸಿದ, ಬೈಬಲ್ ಅನುವಾದದ ನೇತೃತ್ವ ವಹಿಸಿದ ಕೀರ್ತಿ ಅವರದು. ಆ ಬೈಬಲಿನಲ್ಲಿ ಪಿಶಾಚಿಯ ಹೆಸರು ‘ಎಶು’ ಎಂದಾಯಿತು. ಯೊರುಬಾ ನಂಬಿಕೆಯಲ್ಲಿ ದೇವರಿಗೆ ಎದುರು ನಿಂತ ದುಷ್ಟಶಕ್ತಿಯೇ ಇರಲಿಲ್ಲ. ಹಾಗಾಗಿ ದೇವತೆಗಳ ದೂತ ತನ್ನದೇ ಭಾಷೆಯಲ್ಲಿ ದೇವರ ವೈರಿಯಾದ. ಪೂರ್ವಿಕರ ಪೂಜೆ ಮುಂದುವರಿಸಿದವರು ಸೈತಾನನ ಭಕ್ತರೆನಿಸಿಕೊಂಡರು.

ಗುಲಾಮರ ಹಡಗುಗಳಲ್ಲಿ ಎಶು ಅಟ್ಲಾಂಟಿಕ್ ದಾಟಿಯೂ ಹೋದ. ಬ್ರೆಜಿಲ್‌ನಲ್ಲಿ ಅವನನ್ನು ಸೈತಾನನೆಂದೇ ಕಂಡವರು ಅನೇಕರು. ಕ್ಯೂಬಾದಲ್ಲಾದರೋ ಅವನು ‘ಎಲೆಗ್ವಾ’. ಅಲ್ಲಿ ಭಕ್ತರು ಅವನನ್ನು ಕಂಡದ್ದು ಬಾಲಯೇಸುವಿನ ಒಂದು ರೂಪದಲ್ಲಿ. ಒಂದೇ ದೇವರು ಒಂದೆಡೆ ಪಿಶಾಚಿ, ಇನ್ನೊಂದೆಡೆ ದೇವಶಿಶು.

‘ಎಶು ಸೈತಾನನಲ್ಲ’ ಎಂದು ಯೊರುಬಾ ವಿದ್ವಾಂಸರೂ ಭಕ್ತರೂ ಇಂದಿಗೂ ವಾದಿಸುತ್ತಿದ್ದಾರೆ. ಬದುವಿನ ಒಂದು ಬದಿಯಲ್ಲಿ ನಿಂತವರು ಕಂಡ ಬಣ್ಣ ನಿಘಂಟಿನಲ್ಲಿ ಅಚ್ಚಾಗಿಬಿಟ್ಟರೆ ಅದನ್ನು ಅಳಿಸುವುದು ಸುಲಭವಲ್ಲ.