ಅಮೆರಿಕದ ಕೇಂದ್ರ ಸರ್ಕಾರ ಮತ್ತು ಶಾಲೆ: ಒಂದು ಹಳೆಯ ವಿವಾದದ ಇತಿಹಾಸ

೧

೨೦೨೫ನೆಯ ಇಸವಿ ಮಾರ್ಚ್ ೨೦ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಒಂದು ಆಜ್ಞಾಪತ್ರಕ್ಕೆ ಸಹಿ ಹಾಕಿದರು. ಕಾನೂನು ಅವಕಾಶ ಕೊಡುವಷ್ಟರ ಮಟ್ಟಿಗೆ ಕೇಂದ್ರದ ವಿದ್ಯಾ ಇಲಾಖೆಯನ್ನು ಮುಚ್ಚುವ ಕ್ರಮ ಕೈಗೊಳ್ಳಬೇಕೆಂದೂ, ವಿದ್ಯಾಭ್ಯಾಸದ ಅಧಿಕಾರವನ್ನು ಸಂಸ್ಥಾನಗಳಿಗೂ ಸ್ಥಳೀಯ ಜನರಿಗೂ ಹಿಂದಿರುಗಿಸಬೇಕೆಂದೂ ಆ ಪತ್ರವು ಇಲಾಖೆಯ ಮುಖ್ಯಸ್ಥೆ ಲಿಂಡಾ ಮೆಕ್‌ಮಹೊನ್ ಅವರಿಗೆ ಆದೇಶವಿತ್ತಿತು. ಅದಕ್ಕೆ ಒಂಬತ್ತು ದಿನ ಮುಂಚೆಯೇ, ಸುಮಾರು ನಾಲ್ಕು ಸಾವಿರವಿದ್ದ ಇಲಾಖೆಯ ನೌಕರರ ಸಂಖ್ಯೆಯನ್ನು ಹೆಚ್ಚು ಕಡಮೆ ಅರ್ಧಕ್ಕೆ ಇಳಿಸುವ ನಿರ್ಧಾರ ಪ್ರಕಟವಾಗಿತ್ತು. ಕೆಳಗಿನ ನ್ಯಾಯಾಲಯವೊಂದು ಇದಕ್ಕೆ ತಡೆಯಾಜ್ಞೆ ನೀಡಿತು. ಜುಲೈ ೧೪ರಂದು ಸರ್ವೋಚ್ಚ ನ್ಯಾಯಾಲಯವು ವಿಚಾರಣೆ ಮುಗಿಯುವವರೆಗೆ ಆ ತಡೆಯನ್ನು ತೆಗೆಯಿತು. ಇಲಾಖೆಯನ್ನು ಸೃಷ್ಟಿಸಿದುದು ಕಾಂಗ್ರೆಸ್ಸಿನ ಶಾಸನವಾದ್ದರಿಂದ ಅದನ್ನು ಪೂರ್ಣವಾಗಿ ರದ್ದುಮಾಡುವ ಅಧಿಕಾರವೂ ಕಾಂಗ್ರೆಸ್ಸಿನದೇ.

ಈ ವಿವಾದದಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು 'ಹಿಂದಿರುಗಿಸುವುದು' ಎಂಬುದು. ಹಿಂದಿರುಗಿಸಬೇಕಾದರೆ ಮೊದಲು ತೆಗೆದುಕೊಂಡಿರಬೇಕಷ್ಟೆ. ಅಮೆರಿಕದ ಕೇಂದ್ರ ಸರ್ಕಾರ ಶಾಲೆಯಿಂದ ತೆಗೆದುಕೊಂಡದ್ದಾದರೂ ಏನು, ಯಾವ ಮಾರ್ಗದಿಂದ, ಯಾವ ಕಾಲದಲ್ಲಿ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ. ಕೇಂದ್ರವು ಅಲ್ಲಿ ಶಾಲೆಯನ್ನು ಎಂದೂ ಆಳಿದುದಿಲ್ಲ. ಭೂಮಿಯನ್ನೋ ಹಣವನ್ನೋ ಕೊಟ್ಟು ಶಾಲೆಯೊಳಗೆ ಒಂದಿಷ್ಟು ಜಾಗ ಪಡೆಯಿತು. ಅದೂ ಬಹುಮಟ್ಟಿಗೆ ವಿದ್ಯಾಭ್ಯಾಸದ ಹೆಸರಿನಲ್ಲಲ್ಲ, ಬೇರೆ ಯಾವುದಾದರೂ ಅಗತ್ಯದ ಹೆಸರಿನಲ್ಲಿ ಎಂಬುದು ನಮ್ಮ ಅಭಿಪ್ರಾಯ.

೨

ಅಮೆರಿಕದ ರಾಜ್ಯಾಂಗದಲ್ಲಿ ವಿದ್ಯಾಭ್ಯಾಸವೆಂಬ ಶಬ್ದವೇ ಇಲ್ಲ. ಕೇಂದ್ರಕ್ಕೆ ಒಪ್ಪಿಸದೆ ಉಳಿದ ಅಧಿಕಾರಗಳು ಸಂಸ್ಥಾನಗಳಿಗೆ ಅಥವಾ ಜನರಿಗೆ ಸೇರತಕ್ಕವು ಎಂದು ೧೭೯೧ರ ಹತ್ತನೆಯ ತಿದ್ದುಪಡಿ ವಿಧಿಸಿತು. ಆದರೆ ರಾಜ್ಯಾಂಗ ರಚನೆಗೆ ಮೊದಲೇ ಕೇಂದ್ರವು ಭೂಮಿಯ ಒಡೆಯನಾಗಿ ಶಾಲೆಯ ಬಾಗಿಲಿಗೆ ಬಂದಿತ್ತು. ೧೭೮೫ರ ಭೂಶಾಸನದಂತೆ ಪಶ್ಚಿಮದ ನೆಲವನ್ನು ಆರು ಮೈಲಿ ಚಚ್ಚೌಕದ ತುಂಡುಗಳಾಗಿ ಅಳೆದು, ಒಂದೊಂದು ತುಂಡನ್ನೂ ೬೪೦ ಎಕರೆಯ ೩೬ ಪಾಲು ಮಾಡಿ, ಹದಿನಾರನೆಯ ಪಾಲನ್ನು ಸಾರ್ವಜನಿಕ ಶಾಲೆಗಾಗಿ ಮೀಸಲಿಟ್ಟರು. ಶಾಲೆ ಇರುವ ಕಡೆ ಜನ ನೆಲೆಸುತ್ತಾರೆ, ಜನ ನೆಲೆಸಿದ ಕಡೆ ಭೂಮಿಗೆ ಬೆಲೆ ಬರುತ್ತದೆ ಎಂಬ ಲೆಕ್ಕಾಚಾರವೂ ಅದರಲ್ಲಿ ಸೇರಿತ್ತು.

ಇದೇ ಮಾರ್ಗದ ಎರಡನೆಯ ಹೆಜ್ಜೆ ೧೮೬೨ರ ಮಾರಿಲ್ ಶಾಸನ. ವ್ಯವಸಾಯ ಮತ್ತು ಯಂತ್ರವಿದ್ಯೆಗಳನ್ನು ಕಲಿಸುವ ಕಾಲೇಜುಗಳಿಗಾಗಿ ಪ್ರತಿಯೊಂದು ಸಂಸ್ಥಾನಕ್ಕೂ, ಕಾಂಗ್ರೆಸ್ಸಿನಲ್ಲಿ ಅದಕ್ಕಿದ್ದ ಒಬ್ಬೊಬ್ಬ ಸದಸ್ಯನಿಗೆ ೩೦,೦೦೦ ಎಕರೆಯಂತೆ ಭೂಮಿಯನ್ನು ಕೊಡುವುದು ಅದರ ತಿರುಳು. ಈ ಮಸೂದೆಯನ್ನು ೧೮೫೯ರಲ್ಲಿ ಅಧ್ಯಕ್ಷ ಬುಕ್ಯಾನನ್ ತಿರಸ್ಕರಿಸಿದ್ದನು. ಅಂತರ್ಯುದ್ಧ ಮೊದಲಾಗಿ ದಕ್ಷಿಣದ ಸದಸ್ಯರು ಸಭೆಯನ್ನು ಬಿಟ್ಟು ಹೋದಮೇಲೆ ಅದು ಅಂಗೀಕಾರವಾಗಿ, ಲಿಂಕನ್ನನ ಸಹಿ ಪಡೆಯಿತು. ಹೀಗೆ ಹಂಚಿದ ಒಂದು ಕೋಟಿ ಎಕರೆಗೂ ಮೇಲ್ಪಟ್ಟ ನೆಲ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಇತ್ತೀಚಿನ ಸಂಶೋಧಕರು ಎತ್ತಿದ್ದಾರೆ. ಅದು ಮೂಲನಿವಾಸಿಗಳಿಂದ ಒಪ್ಪಂದದ ಮೂಲಕವೋ ಬಲಾತ್ಕಾರದಿಂದಲೋ ಕಿತ್ತುಕೊಂಡ ನೆಲ ಎಂಬುದನ್ನು ಮರೆತು ಈ ಶಾಸನವನ್ನು ಹೊಗಳುವುದು ಸಾಧುವಲ್ಲ. ಆದರೂ ಅದರ ಫಲ ದೂರದವರೆಗೆ ಹಬ್ಬಿತು. ೧೯೬೪ರಲ್ಲಿ ನಮ್ಮ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯವು ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸಂಸ್ಥೆಯಲ್ಲಿ ಕೂಡಿಸುವ ಆ ಮಾದರಿಯನ್ನೇ ಅನುಸರಿಸಿತು; ಆ ಕಾರ್ಯದಲ್ಲಿ ಟೆನೆಸಿ ವಿಶ್ವವಿದ್ಯಾನಿಲಯದ ನೆರವು ಅದಕ್ಕೆ ದೊರೆಯಿತು.

೩

ಈಗ ಮುಚ್ಚಬೇಕೆನ್ನುತ್ತಿರುವ ಇಲಾಖೆ ಅಮೆರಿಕದ ಮೊದಲನೆಯ ವಿದ್ಯಾ ಇಲಾಖೆಯಲ್ಲ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಅಂತರ್ಯುದ್ಧ ಮುಗಿದು, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಲಕ್ಷಾಂತರ ಜನರಿಗೆ ಅಕ್ಷರ ಕಲಿಸುವ ಪ್ರಶ್ನೆ ಎದುರಾಗಿದ್ದಾಗ, ೧೮೬೭ರ ಮಾರ್ಚಿಯಲ್ಲಿ ಕಾಂಗ್ರೆಸ್ಸು ಒಂದು ವಿದ್ಯಾ ಇಲಾಖೆಯನ್ನು ಸ್ಥಾಪಿಸಿತು. ಮಸೂದೆಯನ್ನು ಮಂಡಿಸಿದವನು ಮುಂದೆ ಅಧ್ಯಕ್ಷನಾದ ಜೇಮ್ಸ್ ಗಾರ್ಫೀಲ್ಡ್. ಮೊದಲನೆಯ ಕಮಿಷನರ್ ಹೆನ್ರಿ ಬಾರ್ನಾರ್ಡ್. ಅವನ ಸಿಬ್ಬಂದಿ ಮೂವರು ಗುಮಾಸ್ತರು ಮಾತ್ರ. ಅವರ ಕೆಲಸ ಶಾಲೆಗಳನ್ನು ನಡೆಸುವುದಲ್ಲ; ಅಂಕಿ ಅಂಶಗಳನ್ನು ಸಂಗ್ರಹಿಸಿ ಪ್ರಕಟಿಸುವುದು.

ಇಷ್ಟು ಸಣ್ಣ ಕಛೇರಿಯೂ ಭೀತಿ ಹುಟ್ಟಿಸಿತು. ಇಂದು ಎಣಿಸುವವರು ನಾಳೆ ಆಳುವರು ಎಂಬ ಶಂಕೆಯಿಂದ ೧೮೬೮ರ ಶಾಸನವು ಅದರ ಪದವಿಯನ್ನು ಇಳಿಸಿ, ಒಳಾಡಳಿತದ ಇಲಾಖೆಯೊಳಗಿನ ಒಂದು ಕಛೇರಿಯನ್ನಾಗಿ ಮಾಡಿತು. ಆದರೆ ಇಲಾಖೆ ಹೋದರೂ ಅದನ್ನು ಹುಟ್ಟಿಸಿದ ಅಗತ್ಯ ಹೋಗಲಿಲ್ಲ. ಅನಕ್ಷರಸ್ಥರ ಸಂಖ್ಯೆಗೆ ಅನುಗುಣವಾಗಿ ಸಂಸ್ಥಾನಗಳಿಗೆ ಕೇಂದ್ರದ ಹಣ ಕೊಡಬೇಕೆಂಬ ಸೆನೆಟರ್ ಬ್ಲೇರ್‌ನ ಮಸೂದೆ ೧೮೮೪, ೧೮೮೬, ೧೮೮೮ ಹೀಗೆ ಮೂರು ಬಾರಿ ಸೆನೆಟ್ಟಿನಲ್ಲಿ ಗೆದ್ದಿತು. ಪ್ರತಿನಿಧಿಸಭೆ ಒಂದು ಬಾರಿಯೂ ಅದನ್ನು ಮತಕ್ಕೆ ಹಾಕಲಿಲ್ಲ. ೧೮೯೦ರಲ್ಲಿ ಸೆನೆಟ್ಟೇ ಅದನ್ನು ಕೈಬಿಟ್ಟಿತು. ವಿದ್ಯಾಭ್ಯಾಸಕ್ಕಾಗಿಯೇ ಎಂದು ನೇರವಾಗಿ ಕೇಳಿದ ಹಣ ಹೀಗೆ ದೊರೆಯದೆ ಹೋಯಿತು.

೪

ಬೇರೆ ಹೆಸರಿನಲ್ಲಿ ಕೇಳಿದಾಗ ಹಣ ದೊರೆಯಿತು. ೧೯೧೭ರಲ್ಲಿ ಅದು ಕಸಬುಗಳ ತರಬೇತಿಗೆಂದು ಬಂದಿತು. ೧೯೪೪ರಲ್ಲಿ ಯುದ್ಧದಿಂದ ಮರಳುವ ಸೈನಿಕರಿಗೆ ಕೃತಜ್ಞತೆಯೆಂದು ಬಂದಿತು. ಅದರ ನೆರವಿನಿಂದ ೨೨ ಲಕ್ಷ ಮಂದಿ ಕಾಲೇಜುಗಳನ್ನು ಸೇರಿದರು. ೧೯೫೭ರ ಅಕ್ಟೋಬರ್ ೪ರಂದು ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿತು. ಒಂದು ವರ್ಷ ತುಂಬುವ ಮೊದಲೇ ಗಣಿತ, ವಿಜ್ಞಾನ ಮತ್ತು ಪರಭಾಷೆಗಳ ವ್ಯಾಸಂಗಕ್ಕೆ ಧಾರಾಳವಾಗಿ ಹಣ ಒದಗಿಸುವ ಶಾಸನ ಹೊರಬಿದ್ದಿತು. ಆ ಶಾಸನದ ಹೆಸರು ರಾಷ್ಟ್ರೀಯ ರಕ್ಷಣಾ ವಿದ್ಯಾಭ್ಯಾಸ ಶಾಸನ. ಹೆಸರಿನಲ್ಲಿ ರಕ್ಷಣೆ ಮೊದಲು ಬಂದುದು ಆಕಸ್ಮಿಕವಲ್ಲ.

೧೯೬೪ರ ನಾಗರಿಕ ಹಕ್ಕುಗಳ ಶಾಸನವು ಈ ಹಣಕ್ಕೆ ಒಂದು ಷರತ್ತನ್ನು ಜೋಡಿಸಿತು: ಜನಾಂಗಭೇದ ಮಾಡುವ ಸಂಸ್ಥೆಗೆ ಕೇಂದ್ರದ ದ್ರವ್ಯಸಹಾಯವಿಲ್ಲ. ಶ್ವೇತವರ್ಣೀಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆಗಳಿರುವುದು ರಾಜ್ಯಾಂಗಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ೧೯೫೪ರಲ್ಲೇ ತೀರ್ಪಿತ್ತಿದ್ದರೂ, ದಕ್ಷಿಣದಲ್ಲಿ ಅದು ಹತ್ತು ವರ್ಷ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿದಿತ್ತು. ೧೯೬೫ರಲ್ಲಿ ಬಡಮಕ್ಕಳು ಓದುವ ಶಾಲೆಗಳಿಗೆ ದೊಡ್ಡ ಮೊತ್ತದ ಹಣ ಬಂದಮೇಲೆಯೇ ಆ ಷರತ್ತಿಗೆ ಬಲ ಬಂದುದು. ಈ ಎರಡನೆಯ ಶಾಸನಕ್ಕೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದುದು ಟೆಕ್ಸಾಸಿನಲ್ಲಿ, ಬಾಲ್ಯದಲ್ಲಿ ತಾನು ಅಕ್ಷರ ಕಲಿತ ಒಂದೇ ಕೊಠಡಿಯ ಶಾಲೆಯ ಮುಂದೆ. ಅವನ ಮೊದಲ ಉಪಾಧ್ಯಾಯಿನಿ ಪಕ್ಕದಲ್ಲಿದ್ದಳು. ಹೆಂಗಸರ ವಿರುದ್ಧ ಭೇದವನ್ನು ನಿಷೇಧಿಸುವ ೧೯೭೨ರ ಶಾಸನ, ಅಂಗವಿಕಲ ಮಕ್ಕಳಿಗೆ ಶಾಲೆಯ ಹಕ್ಕು ಕೊಟ್ಟ ೧೯೭೫ರ ಶಾಸನ ಇದೇ ಹಾದಿಯವು. ಕೊನೆಯದರಲ್ಲಿ ಅಧಿಕ ವೆಚ್ಚದ ನೂರಕ್ಕೆ ೪೦ರಷ್ಟನ್ನು ತಾನು ಭರಿಸುವುದಾಗಿ ಕೇಂದ್ರ ಹೇಳಿತ್ತು. ಆ ಮಾತನ್ನು ಈವರೆಗೂ ನಡೆಸಿಲ್ಲ. ಹಣಕ್ಕಿಂತ ಷರತ್ತು ಹೆಚ್ಚು ಎಂಬ ಸಂಸ್ಥಾನಗಳ ದೂರು ಸುಳ್ಳಲ್ಲವೆಂಬುದಕ್ಕೆ ಇದೊಂದೇ ಸಾಕು.

೫

ಈ ಹಣದಿಂದ ಆಗುವುದೇನು ಎಂಬುದನ್ನು ಒಂದು ನಿದರ್ಶನದಿಂದ ನೋಡೋಣ. ಅಮೆರಿಕದಲ್ಲಿ ಶಾಲೆಗಳ ಆಡಳಿತ ಸುಮಾರು ೧೩,೦೦೦ ಸ್ಥಳೀಯ ಶಾಲಾಪ್ರಾಂತಗಳ ಕೈಯಲ್ಲಿದೆ. ಅವುಗಳ ಸ್ವಂತ ವರಮಾನ ಮುಖ್ಯವಾಗಿ ಮನೆ ಜಮೀನುಗಳ ಮೇಲಿನ ತೆರಿಗೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಡ್ಜ್‌ವುಡ್ ಎಂಬ ಬಡ ಪ್ರಾಂತವೂ ಅಲಮೊ ಹೈಟ್ಸ್ ಎಂಬ ಸಿರಿವಂತ ಪ್ರಾಂತವೂ ಇದ್ದುವು. ೧೯೬೭-೬೮ರಲ್ಲಿ ಎಡ್ಜ್‌ವುಡ್ಡಿನ ಜನ ಹೆಚ್ಚಿನ ದರದಲ್ಲಿ ತೆರಿಗೆ ತೆತ್ತೂ, ಒಬ್ಬ ವಿದ್ಯಾರ್ಥಿಗೆ ಅವರಿಂದ ಕೂಡಿದ ಹಣ ೨೬ ಡಾಲರ್. ಕಡಮೆ ದರದಲ್ಲಿ ತೆತ್ತ ಅಲಮೊ ಹೈಟ್ಸಿನಲ್ಲಿ ಕೂಡಿದುದು ೩೩೩ ಡಾಲರ್. ಸಂಸ್ಥಾನ ಸರ್ಕಾರ ಮೊದಲನೆಯದಕ್ಕೆ ೨೨೨, ಎರಡನೆಯದಕ್ಕೆ ೨೨೫ ಡಾಲರ್ ಕೊಟ್ಟಿತು. ಎಂದರೆ ಅಂತರವನ್ನು ತುಂಬಲಿಲ್ಲ. ಕೇಂದ್ರದಿಂದ ಬಂದುದು ಎಡ್ಜ್‌ವುಡ್ಡಿಗೆ ೧೦೮, ಅಲಮೊ ಹೈಟ್ಸಿಗೆ ೩೬. ಎಲ್ಲವೂ ಸೇರಿ ಬಡವರ ಮಗುವಿಗೆ ೩೫೬, ಸಿರಿವಂತರ ಮಗುವಿಗೆ ೫೯೪ ಡಾಲರ್.

ಇದು ಅನ್ಯಾಯವೆಂದು ಎಡ್ಜ್‌ವುಡ್ಡಿನ ತಂದೆತಾಯಿಗಳು ಮೊಕದ್ದಮೆ ಹೂಡಿದರು. ವಿದ್ಯಾಭ್ಯಾಸವು ಕೇಂದ್ರ ರಾಜ್ಯಾಂಗವು ರಕ್ಷಿಸುವ ಮೂಲಭೂತ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೧೯೭೩ರಲ್ಲಿ ೫-೪ರ ಬಹುಮತದಿಂದ ತೀರ್ಮಾನಿಸಿತು. ಹೀಗಾಗಿ ಬಡ ಪ್ರಾಂತದ ಮಗುವಿಗೆ ಕೇಂದ್ರದಿಂದ ದೊರೆಯುವುದು ಹಕ್ಕಿನಿಂದಲ್ಲ, ಶಾಸನದ ದಯೆಯಿಂದ. ಮೂರು ಕಡೆಯ ಹಣದಲ್ಲಿ ಬಡತನವನ್ನು ನೋಡಿ ಹೆಚ್ಚು ಕೊಟ್ಟುದು ಕೇಂದ್ರದ ಹಣವೊಂದೇ ಎಂಬುದನ್ನು ಮೇಲಿನ ಲೆಕ್ಕ ತೋರಿಸುತ್ತದೆ. ಇಂದಿಗೂ ಶಾಲೆಗಳ ಒಟ್ಟು ಖರ್ಚಿನಲ್ಲಿ ಕೇಂದ್ರದ ಪಾಲು ಸಾಮಾನ್ಯವಾಗಿ ಹತ್ತನೆಯ ಒಂದರ ಆಸುಪಾಸಿನಲ್ಲಿದೆ. ಒಟ್ಟಿನಲ್ಲಿ ಅದು ಅಲ್ಪ. ಎಡ್ಜ್‌ವುಡ್ಡಿನಂಥ ಕಡೆ ಅಲ್ಪವಲ್ಲ.

೬

ಈಗಿನ ಇಲಾಖೆ ಸ್ಥಾಪಿತವಾದುದು ಕಾರ್ಟರ್ ಸಹಿ ಹಾಕಿದ ೧೯೭೯ರ ಶಾಸನದಿಂದ. ಹೊಸ ಅಧಿಕಾರಗಳಿಗಿಂತ ಹೆಚ್ಚಾಗಿ, ಹರಡಿಹೋಗಿದ್ದ ಹಳೆಯ ಕಾರ್ಯಗಳನ್ನು ಅದು ಒಂದೆಡೆ ಸೇರಿಸಿತು. ಅದನ್ನು ಮುಚ್ಚುವೆನೆಂದು ಹೇಳಿ ಚುನಾವಣೆ ಗೆದ್ದ ರೇಗನ್ನರ ಕಾಲದಲ್ಲಿಯೇ, ೧೯೮೩ರಲ್ಲಿ, ದೇಶದ ಶಾಲೆಗಳ ಮಟ್ಟ ಕುಸಿಯುತ್ತಿದೆಯೆಂಬ ಪ್ರಸಿದ್ಧ ವರದಿ ಆ ಇಲಾಖೆಯಿಂದ ಹೊರಬಿದ್ದು, ಮುಚ್ಚುವ ಮಾತು ಹಿಂದೆ ಸರಿಯಿತು. ೨೦೦೨ರಲ್ಲಿ ಬುಷ್ ಸಹಿ ಹಾಕಿದ ಶಾಸನ ಮೂರರಿಂದ ಎಂಟನೆಯ ತರಗತಿಯವರೆಗೆ ವರ್ಷವರ್ಷವೂ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಕೇಂದ್ರದ ಕೈ ತರಗತಿಯ ಕೊಠಡಿಯವರೆಗೆ ಚಾಚಿದುದು ಇಲ್ಲಿಯೇ. ಇದನ್ನು ಮಾಡಿದುದು ಸಂಸ್ಥಾನಗಳ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವ ಪಕ್ಷದ ಅಧ್ಯಕ್ಷ ಎಂಬುದು ವಿಚಾರಾರ್ಹ. ೨೦೧೫ರ ಶಾಸನ ಆ ಬಿಗಿಯನ್ನು ಬಹುಮಟ್ಟಿಗೆ ಸಡಿಲಿಸಿತು.

ತಂತ್ರಜ್ಞಾನದ ವಿಷಯದಲ್ಲೂ ಹಳೆಯ ರೀತಿಯೇ ನಡೆದಿದೆ. ೧೯೯೬ರ ದೂರಸಂಪರ್ಕ ಶಾಸನದಂತೆ ಶಾಲೆಗಳಿಗೂ ಪುಸ್ತಕಭಂಡಾರಗಳಿಗೂ ದೂರವಾಣಿ ಮತ್ತು ಇಂಟರ್ನೆಟ್ ಸೌಕರ್ಯ ರಿಯಾಯಿತಿ ದರದಲ್ಲಿ ದೊರೆಯುತ್ತದೆ. ಬಡ ಶಾಲೆಗಳಿಗೆ ರಿಯಾಯಿತಿ ನೂರಕ್ಕೆ ೯೦ರವರೆಗೂ ಉಂಟು. ಇದರ ಹಣ ದೂರಸಂಪರ್ಕ ಕಂಪನಿಗಳ ವಂತಿಗೆಯಿಂದ ಬರುತ್ತದೆ. ಆಡಳಿತಕ್ಕೂ ವಿದ್ಯಾ ಇಲಾಖೆಗೂ ಸಂಬಂಧವಿಲ್ಲ. ಸರ್ವೋಚ್ಚ ನ್ಯಾಯಾಲಯ ೨೦೨೫ರ ಜೂನಿನಲ್ಲಿ ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಇನ್ನೂ ಸ್ವಾರಸ್ಯವಾದುದೆಂದರೆ, ಇಲಾಖೆಯನ್ನು ಮುಚ್ಚಲು ಆಜ್ಞಾಪತ್ರ ಹೊರಟ ಮರುತಿಂಗಳೇ, ಏಪ್ರಿಲ್ ೨೩ರಂದು, ಶಾಲೆಗಳಲ್ಲಿ ಕೃತಕ ಬುದ್ಧಿಮತ್ತೆಯ ಬೋಧನೆಯನ್ನು ದೇಶದಾದ್ಯಂತ ಬೆಳೆಸುವುದಕ್ಕಾಗಿ ಅದೇ ಅಧ್ಯಕ್ಷರಿಂದ ಮತ್ತೊಂದು ಆಜ್ಞಾಪತ್ರ ಹೊರಟಿತು. ಸ್ಪುಟ್ನಿಕ್ಕಿನ ಜಾಗದಲ್ಲಿ ಹೊಸ ಯಂತ್ರ ಬಂದಿದೆ; ಕೇಂದ್ರ ಮತ್ತೆ ಶಾಲೆಯ ಬಾಗಿಲಿನಲ್ಲಿದೆ.

೭

ಇಲಾಖೆಯೊಂದು ಉಳಿಯುವುದೋ ಅಳಿಯುವುದೋ ಎಂಬುದು ಈ ವಿವಾದದ ತಿರುಳಲ್ಲವೆಂದು ಮೇಲಿನ ಇತಿಹಾಸದಿಂದ ತಿಳಿಯುತ್ತದೆ. ೧೮೬೮ರಲ್ಲಿ ಇಲಾಖೆ ಹೋಯಿತು, ಕೇಂದ್ರ ಹೋಗಲಿಲ್ಲ. ಪಾಠವನ್ನು ನಿರ್ಣಯಿಸುವುದು, ಉಪಾಧ್ಯಾಯರನ್ನು ನೇಮಿಸುವುದು, ಪಠ್ಯಪುಸ್ತಕವನ್ನು ಆರಿಸುವುದು ಇವೆಲ್ಲ ಎಂದೂ ಸಂಸ್ಥಾನಗಳ ಮತ್ತು ಪ್ರಾಂತಗಳ ಕೈ ಬಿಟ್ಟವಲ್ಲ. ಆದ್ದರಿಂದ ಅವನ್ನು ಹಿಂದಿರುಗಿಸುವ ಪ್ರಶ್ನೆಯೇ ಏಳುವುದಿಲ್ಲ. ಕೇಂದ್ರದ ನಿಜವಾದ ಕೆಲಸಗಳು ಮೂರು: ಎಣಿಸುವುದು, ಬಡ ಪ್ರಾಂತಕ್ಕೆ ಒಂದಿಷ್ಟು ಹೆಚ್ಚು ಕೊಡುವುದು, ಕೊಟ್ಟ ಹಣದ ಬಲದಿಂದ ಭೇದವನ್ನು ತಡೆಯುವುದು. ಇವುಗಳಲ್ಲಿ ಅತ್ಯಂತ ಹಳೆಯದಾದ ಎಣಿಕೆಯ ಕಛೇರಿಯಲ್ಲಿ ೨೦೨೫ರ ಕಡಿತದ ನಂತರ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಯಾವ ಪ್ರಾಂತದ ಮಕ್ಕಳು ಹಿಂದೆ ಬಿದ್ದಿದ್ದಾರೆಂದು ಲೆಕ್ಕವಿಡುವವರಿಲ್ಲದಿದ್ದರೆ, ಅವರಿಗೆ ಏನು ಸಲ್ಲಬೇಕೆಂದು ವಾದಿಸಲು ಆಧಾರವೂ ಉಳಿಯುವುದಿಲ್ಲ.

ವಿದ್ಯಾಭ್ಯಾಸವನ್ನು ೧೯೭೬ರ ತಿದ್ದುಪಡಿಯಿಂದ ರಾಜ್ಯಗಳ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸೇರಿಸಿಕೊಂಡ ನಮ್ಮ ದೇಶದಲ್ಲಿಯೂ ಕೇಂದ್ರದ ಹಣ ಮತ್ತು ಷರತ್ತುಗಳ ಪ್ರಶ್ನೆ ಅಪರಿಚಿತವಲ್ಲ. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಈ ಚರಿತ್ರೆಯನ್ನು ಓದುವಾಗ ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳಿ ನಿಲ್ಲಬಾರದು. ೨೬ ಡಾಲರಿಗೂ ೩೩೩ ಡಾಲರಿಗೂ ನಡುವಿನ ಅಂತರಕ್ಕೆ ಹೊಣೆ ಯಾರು ಎಂಬುದನ್ನೂ ಕೇಳಬೇಕು. ಅಮೆರಿಕದಲ್ಲಿ ಅಂಥ ಅಂತರಗಳಿಗೆ ಕೇಂದ್ರ ಸ್ವಲ್ಪಮಟ್ಟಿಗೆ, ಅದೂ ಹಿಂದುಮುಂದು ನೋಡುತ್ತ, ಹೊಣೆ ಹೊತ್ತಿತ್ತು. ಅದು ಆ ಹೊಣೆಯನ್ನು ಕೆಳಗಿಟ್ಟರೆ ಎತ್ತಿಕೊಳ್ಳುವವರು ಯಾರೆಂಬುದಕ್ಕೆ ೨೦೨೫ರ ಆಜ್ಞಾಪತ್ರದಲ್ಲಿ ಉತ್ತರವಿಲ್ಲ.